ಹಳೆಯ ಕ್ಯಾಂಪರ್ ವ್ಯಾನಿನ ನೀರಿನ ಪಂಪ್ ಕೈಕೊಟ್ಟಾಗ: ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಬಿಡದೆ ಮಳೆ ಸುರಿಯುತ್ತಿದ್ದ ಒಂದು ಸಂಜೆ, ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ನಮ್ಮ 1983ರ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ವ್ಯಾನಿನಲ್ಲಿ ಅಕ್ಕಿ ತೊಳೆಯಲೆಂದು ನಲ್ಲಿ ತಿರುಗಿಸಿದಾಗ ನೀರೂ ಬರಲಿಲ್ಲ, ಪಂಪಿನ ಸದ್ದೂ ಕೇಳಲಿಲ್ಲ. ಪಂಪ್ ಸುಟ್ಟುಹೋಗಿದೆ ಎಂದು ಅಲ್ಲೇ ತೀರ್ಮಾನಿಸಿ, ಮನೆಗೆ ಮರಳಿದ ಮೇಲೆ ಹೊಸದನ್ನು ತರಿಸಿ, ಒಂದು ಇಡೀ ಮಧ್ಯಾಹ್ನ ಟ್ಯಾಂಕಿನೊಳಗೆ ಕೈ ಹಾಕಿಕೊಂಡು ಕೂತು ಅದನ್ನು ಜೋಡಿಸಿದೆ. ಹೊಸ ಪಂಪೂ ಉಸಿರೆತ್ತಲಿಲ್ಲ. ದೋಷವಿದ್ದದ್ದು ಪಂಪಿನಲ್ಲಲ್ಲ, ಫ್ಯೂಸಿನ ಎರಡು ತುದಿಗಳನ್ನು ಕಚ್ಚಿ ಹಿಡಿಯುವ ಹಿತ್ತಾಳೆಯ ಪಟ್ಟಿಗಳ ಮೇಲೆ ಕಟ್ಟಿದ್ದ ಹಸಿರು ಕಿಲುಬಿನಲ್ಲಿ. ಫ್ಯೂಸನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅದರ ಸ್ಥಾನದಲ್ಲೇ ಎರಡು ಸುತ್ತು ಹೊರಳಿಸಿದ ಕೂಡಲೇ ಪಂಪ್ ಗುಂಯ್ ಎಂದಿತು. ತೆಗೆದಿಟ್ಟಿದ್ದ ಹಳೆಯ ಪಂಪನ್ನು ಬಕೆಟ್ಟಿನಲ್ಲಿಟ್ಟು ಬ್ಯಾಟರಿಗೆ ನೇರವಾಗಿ ಜೋಡಿಸಿದಾಗ ಅದೂ ಚೆನ್ನಾಗಿಯೇ ಓಡಿತು.

ಮೂವತ್ತು, ನಲವತ್ತು ವರ್ಷ ಹಳೆಯದಾದ ವ್ಯಾನುಗಳಲ್ಲಿ ನೀರು ನಿಂತಾಗ ಪಂಪನ್ನು ಕಟ್ಟಕಡೆಗೆ ಅನುಮಾನಿಸಬೇಕು. ಬ್ಯಾಟರಿಯಿಂದ ಹೊರಟ ಕರೆಂಟು ಪಂಪನ್ನು ತಲುಪುವ ಮೊದಲು ಫ್ಯೂಸು, ವ್ಯಾನಿನೊಳಗಿನ ನಿಯಂತ್ರಣ ಫಲಕದ ಸ್ವಿಚ್ಚು, ನಲ್ಲಿಯೊಳಗಿನ ಸ್ವಿಚ್ಚು ಮತ್ತು ನಾಲ್ಕಾರು ವೈರ್ ಜೋಡಣೆಗಳನ್ನು ದಾಟಬೇಕು. ಪಂಪಿನಿಂದ ಹೊರಟ ನೀರು ಪೈಪು, ಕವಾಟ ಮತ್ತು ನಲ್ಲಿಯ ಜಾಲರಿಯನ್ನು ದಾಟಬೇಕು. ಇವುಗಳಲ್ಲಿ ಎಲ್ಲಿ ತಡೆಯಾಗಿದೆ ಎಂಬುದನ್ನು ಅಳತೆ ಮಾಡಿ ತಿಳಿಯಬಹುದು. ಆ ಅಳತೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನೇ ಇಲ್ಲಿ ವಿವರಿಸಿದ್ದೇನೆ.

ನಿಮ್ಮ ವ್ಯಾನಿನಲ್ಲಿ ಯಾವ ಬಗೆಯ ವ್ಯವಸ್ಥೆಯಿದೆ?

ಹಳೆಯ ಯೂರೋಪಿಯನ್ ಕ್ಯಾಂಪರ್‌ಗಳಲ್ಲಿ ಮುಖ್ಯವಾಗಿ ಎರಡು ವ್ಯವಸ್ಥೆಗಳಿವೆ. ಮೊದಲನೆಯದರಲ್ಲಿ ಹಿಡಿಗಾತ್ರದ ಪುಟ್ಟ ಪಂಪೊಂದು ಟ್ಯಾಂಕಿನ ತಳದಲ್ಲಿ ನೀರಿನಲ್ಲೇ ಮುಳುಗಿರುತ್ತದೆ. ನಲ್ಲಿ ತಿರುಗಿಸಿದಾಗ ಅದರ ಬುಡದಲ್ಲಿರುವ ಮೈಕ್ರೋಸ್ವಿಚ್ ಒತ್ತಿಕೊಂಡು ಪಂಪಿಗೆ ಕರೆಂಟು ಹರಿಯುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ಎರಡನೆಯದರಲ್ಲಿ ಡಯಾಫ್ರಾಮ್ ಪಂಪೊಂದು (ರಬ್ಬರ್ ಪೊರೆಯನ್ನು ಹಿಂದೆ ಮುಂದೆ ಆಡಿಸಿ ನೀರೆಳೆಯುವ ಪಂಪು) ಟ್ಯಾಂಕಿನ ಹೊರಗೆ, ಸಾಮಾನ್ಯವಾಗಿ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ, ರಬ್ಬರ್ ಕಾಲುಗಳ ಮೇಲೆ ಕೂತಿರುತ್ತದೆ. ಅದರ ತಲೆಯಲ್ಲಿರುವ ಪ್ರೆಷರ್ ಸ್ವಿಚ್ ಪೈಪಿನೊಳಗಿನ ಒತ್ತಡ ಇಳಿದೊಡನೆ ಪಂಪನ್ನು ಚಾಲೂ ಮಾಡಿ, ಒತ್ತಡ ತುಂಬಿದೊಡನೆ ನಿಲ್ಲಿಸುತ್ತದೆ.

ಗುರುತಿಸುವುದು ಸುಲಭ. ಸಿಂಕಿನ ಕೆಳಗೆ ಟಾರ್ಚ್ ಹಿಡಿದು ನೋಡಿ. ನಲ್ಲಿಯ ಬುಡದಿಂದ ನೀರಿನ ಪೈಪಿನ ಜೊತೆಗೆ ಎರಡು ಸಣ್ಣ ವೈರುಗಳೂ ಇಳಿದು ಬಂದಿದ್ದರೆ ನಿಮ್ಮದು ಮೈಕ್ರೋಸ್ವಿಚ್ ವ್ಯವಸ್ಥೆ. ವೈರುಗಳಿಲ್ಲದಿದ್ದರೆ ಪ್ರೆಷರ್ ಸ್ವಿಚ್ ಎಲ್ಲೋ ಇದೆ ಎಂದರ್ಥ. ಆದರೆ ಹಲವು ಕೈ ಬದಲಾದ ವ್ಯಾನುಗಳಲ್ಲಿ ಮುಳುಗುವ ಪಂಪಿಗೆ ಪ್ರೆಷರ್ ಸ್ವಿಚ್ ಜೋಡಿಸಿದ್ದೂ, ಹಳೆಯ ಮೈಕ್ರೋಸ್ವಿಚ್ಚಿನ ವೈರುಗಳನ್ನು ಹಾಗೇ ನೇತಾಡಲು ಬಿಟ್ಟದ್ದೂ ಇರುತ್ತದೆ. ಆದ್ದರಿಂದ ಪುಸ್ತಿಕೆಯನ್ನಾಗಲಿ, ಅಂತರ್ಜಾಲದಲ್ಲಿ ಸಿಗುವ ನಕ್ಷೆಯನ್ನಾಗಲಿ ನಂಬುವ ಬದಲು ನಿಮ್ಮ ಗಾಡಿಯ ವೈರುಗಳನ್ನೇ ಕಣ್ಣಾರೆ ಹಿಂಬಾಲಿಸಿ, ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬೇಕಾಗುವ ಸಾಮಾನು ಮತ್ತು ವಹಿಸಬೇಕಾದ ಎಚ್ಚರ

ಡಿ.ಸಿ. ವೋಲ್ಟೇಜ್ ಅಳೆಯಬಲ್ಲ ಒಂದು ಸಾಧಾರಣ ಮಲ್ಟಿಮೀಟರ್, ಎರಡು ವೈರು ಬೆಸೆದ 21 ವಾಟ್‌ನ ಒಂದು ಇಂಡಿಕೇಟರ್ ಬಲ್ಬು, ಕ್ಲಿಪ್ಪುಗಳಿರುವ ಮತ್ತು ನಡುವೆ ಫ್ಯೂಸ್ ಇರುವ ಎರಡು ಮೀಟರ್ ಉದ್ದದ ಜೋಡಿ ವೈರು, ಬಕೆಟ್ಟು, ಸ್ಕ್ರೂಡ್ರೈವರ್, ಟಾರ್ಚು, ಹಳೆಯ ಟವೆಲು: ಇಷ್ಟಿದ್ದರೆ ಸಾಕು. ನಮ್ಮೂರಿನ ಮನೆಗಳಲ್ಲಿ ಬಳಸುವ, ಹಿಡಿಯೊಳಗೆ ಪುಟ್ಟ ದೀಪವಿರುವ ಟೆಸ್ಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 12 ವೋಲ್ಟಿಗೆ ಅದರ ದೀಪ ಹೊತ್ತಿಕೊಳ್ಳುವುದೇ ಇಲ್ಲ. ಅದು ಹೊತ್ತಲಿಲ್ಲವೆಂದು ಕರೆಂಟಿಲ್ಲ ಎಂದು ತಿಳಿಯಬೇಡಿ.

12 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ, ಆದರೆ ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು, ಏಕೆಂದರೆ ಬ್ಯಾಟರಿಯು ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡಿ. ತಂಗುದಾಣದ 230 ವೋಲ್ಟಿನ ಕೇಬಲ್ಲನ್ನು ಕಳಚಿಯೇ ಕೆಲಸಕ್ಕೆ ಕೂರಿ. ಹಳೆಯ ವ್ಯಾನುಗಳಲ್ಲಿ ಎರಡೂ ಬಗೆಯ ವೈರುಗಳು ಒಂದೇ ಕಪಾಟಿನ ಹಿಂದೆ ಅಕ್ಕಪಕ್ಕದಲ್ಲಿ ಸಾಗಿರುತ್ತವೆ. ಅಡುಗೆ ಕಟ್ಟೆಯ ಕೆಳಗೆ ಕೈ ಹಾಕುವ ಮೊದಲು ಗ್ಯಾಸ್ ಸಿಲಿಂಡರಿನ ವಾಲ್ವನ್ನೂ ಮುಚ್ಚಿ.

ಮೊದಲ ಹೆಜ್ಜೆ: ಕಿವಿಗೊಟ್ಟು ಕೇಳುವುದು

ಫಲಕದ ಸ್ವಿಚ್ ಹಾಕಿ, ರೇಡಿಯೋ ಮತ್ತು ಫ್ರಿಜ್ ನಿಲ್ಲಿಸಿ, ಒಬ್ಬರು ನಲ್ಲಿ ತಿರುಗಿಸುವಾಗ ಇನ್ನೊಬ್ಬರು ಟ್ಯಾಂಕಿನ ಅಥವಾ ಪಂಪಿನ ಬಳಿ ಕಿವಿಯಿಟ್ಟು ಕೇಳಿ. ಸದ್ದೇ ಇಲ್ಲದಿದ್ದರೆ ದೋಷ ಬಹುತೇಕ ಕರೆಂಟಿನ ದಾರಿಯಲ್ಲಿದೆ. ಸದ್ದಿದ್ದು ನೀರಿಲ್ಲದಿದ್ದರೆ ದೋಷ ನೀರಿನ ದಾರಿಯಲ್ಲಿದೆ. ನೀರು ಸಣ್ಣಗೆ ಬಂದರೆ ಎರಡೂ ದಾರಿಗಳನ್ನು ನೋಡಬೇಕಾಗುತ್ತದೆ. ಈ ಒಂದು ನಿಮಿಷದ ಕೆಲಸವು ಮುಂದಿನ ಅರ್ಧ ಶ್ರಮವನ್ನು ಉಳಿಸುತ್ತದೆ.

ಇನ್ನೊಂದು ಸೂಚನೆಯನ್ನೂ ಗಮನಿಸಿ. ಎಂಜಿನ್ ಓಡುವಾಗ ಮಾತ್ರ ಪಂಪ್ ಸರಿಯಾಗಿ ಕೆಲಸ ಮಾಡಿ, ಎಂಜಿನ್ ನಿಂತ ಮೇಲೆ ಸೊರಗಿದರೆ, ಬ್ಯಾಟರಿ ದುರ್ಬಲವಾಗಿದೆ ಅಥವಾ ವೈರಿನ ದಾರಿಯಲ್ಲಿ ಎಲ್ಲೋ ತಡೆಯಿದೆ. ಎಂಜಿನ್ ತಿರುಗಿದಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವ 14 ವೋಲ್ಟಿನಷ್ಟು ಒತ್ತಡವು ಆ ಕೊರತೆಯನ್ನು ತಾತ್ಕಾಲಿಕವಾಗಿ ಮರೆಮಾಡುತ್ತದೆ.

ಪಂಪ್ ಸದ್ದೇ ಮಾಡದಿದ್ದರೆ

ಮೊದಲು ಒಳಾಂಗಣದ ಬ್ಯಾಟರಿಯನ್ನು, ಅಂದರೆ ವ್ಯಾನಿನೊಳಗಿನ ದೀಪ, ಪಂಪುಗಳಿಗೆ ಕರೆಂಟು ಕೊಡುವ ಬ್ಯಾಟರಿಯನ್ನು, ಅಳೆಯಿರಿ. ಚಾರ್ಜಿಂಗ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ, ತುಂಬಿದ ಸೀಸ-ಆಮ್ಲ ಬ್ಯಾಟರಿಯು ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದದ್ದು ಸುಮಾರು 12.2 ತೋರಿಸುತ್ತದೆ, 12ಕ್ಕಿಂತ ಕೆಳಗಿಳಿದಿದ್ದರೆ ಮೊದಲು ಚಾರ್ಜ್ ಮಾಡಿ. ಗಾಡಿ ಓಡಿಸಿ ನಿಲ್ಲಿಸಿದ ತಕ್ಷಣ ಅಳೆದರೆ ಬರುವ ಅಂಕಿ ಇರುವುದಕ್ಕಿಂತ ಹೆಚ್ಚಾಗಿರುತ್ತದೆ. ಎರಡು ದೀಪಗಳನ್ನು ಹೊತ್ತಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದರೆ ಬ್ಯಾಟರಿಯ ನಿಜವಾದ ಶಕ್ತಿ ತಿಳಿಯುತ್ತದೆ.

ಬ್ಯಾಟರಿ ಸರಿಯಿದ್ದರೆ ನೇರವಾಗಿ ಪಂಪಿನ ವೈರುಗಳ ಬಳಿಗೆ ಹೋಗಿ. ಫ್ಯೂಸಿನಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತ ಬರುವುದು ರೂಢಿ. ಆದರೆ ದಾರಿಯ ಕೊನೆಯಲ್ಲಿ ಮೊದಲು ಅಳೆದರೆ ದೋಷ ಪಂಪಿನದೋ ವೈರಿನದೋ ಎಂಬುದು ಒಂದೇ ಏಟಿಗೆ ಇತ್ಯರ್ಥವಾಗುತ್ತದೆ. ಪಂಪಿನ ವೈರುಗಳು ಗಾಡಿಯ ವೈರುಗಳಿಗೆ ಸೇರುವ ಜೋಡಣೆ ಸಾಮಾನ್ಯವಾಗಿ ಟ್ಯಾಂಕಿನ ಮುಚ್ಚಳದ ಹೊರಗೆ ಇರುತ್ತದೆ. ಜೋಡಣೆಯನ್ನು ಬಿಚ್ಚಬೇಡಿ. ನಲ್ಲಿ ತೆರೆದಿಟ್ಟು, ಮೀಟರಿನ ಎರಡು ಮೊನೆಗಳನ್ನು ಪಂಪಿನ ಎರಡು ವೈರುಗಳಿಗೇ ತಾಗಿಸಿ.

ಇಲ್ಲಿ ಎರಡು ತಪ್ಪುಗಳಾಗುವುದುಂಟು. ಮೊದಲನೆಯದು, ಮೀಟರಿನ ಕಪ್ಪು ಮೊನೆಯನ್ನು ಪಂಪಿನ ವೈರಿಗೆ ತಾಗಿಸುವ ಬದಲು ಗಾಡಿಯ ಮೈಗೆ ತಾಗಿಸುವುದು. ಕೆಲವು ವ್ಯಾನುಗಳಲ್ಲಿ ನಲ್ಲಿಯ ಸ್ವಿಚ್ಚು ಪ್ಲಸ್ ವೈರನ್ನಲ್ಲ, ಮೈನಸ್ ವೈರನ್ನು ಕಡಿಯುತ್ತದೆ. ಅಂಥಲ್ಲಿ ನಲ್ಲಿ ಮುಚ್ಚಿದ್ದರೂ ಪಂಪಿನ ಪ್ಲಸ್ ವೈರಿನಲ್ಲಿ ಸದಾ 12 ವೋಲ್ಟ್ ಇರುತ್ತದೆ. ಮೈಗೆ ತಾಗಿಸಿ ಅಳೆದವರು ಕರೆಂಟ್ ಬರುತ್ತಿದೆ, ಪಂಪೇ ಕೆಟ್ಟಿದೆ ಎಂದು ತಪ್ಪು ನಿರ್ಣಯಕ್ಕೆ ಬರುತ್ತಾರೆ. ಎರಡನೆಯದು, ಪಂಪನ್ನು ಕಳಚಿ ಬರೀ ವೈರುಗಳ ತುದಿಯಲ್ಲಿ ಅಳೆಯುವುದು. ಕಿಲುಬು ಹಿಡಿದ ಜೋಡಣೆಯೊಂದರ ಮೂಲಕವೂ ಮೀಟರಿಗೆ ಬೇಕಾದ ಅತ್ಯಲ್ಪ ಕರೆಂಟು ಸಲೀಸಾಗಿ ಹರಿಯುವುದರಿಂದ ಮೀಟರ್ 12.5 ಎಂದು ತೋರಿಸುತ್ತದೆ. ಪಂಪ್ ಜೋಡಿಸಿದ ಮರುಕ್ಷಣ ಅದೇ ಅಂಕಿ 3ಕ್ಕೋ 4ಕ್ಕೋ ಕುಸಿಯುತ್ತದೆ. ಮೊದಲೇ ಹೇಳಿದ 21 ವಾಟ್‌ನ ಬಲ್ಬು ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ, ಪಂಪಿನ ಜಾಗದಲ್ಲಿ ಅದನ್ನು ಜೋಡಿಸಿದಾಗ ಪ್ರಖರವಾಗಿ ಬೆಳಗಿದರೆ ದಾರಿ ಸರಿಯಿದೆ, ಮಂಕಾಗಿ ಕೆಂಪಗೆ ಉರಿದರೆ ದಾರಿಯಲ್ಲಿ ತಡೆಯಿದೆ ಎಂದು ಖಚಿತವಾಗಿ ಹೇಳಬಹುದು.

ಅಳತೆಯ ಫಲ ಮೂರು ಬಗೆಯಾಗಿರುತ್ತದೆ. ಪಂಪ್ ಜೋಡಿಸಿರುವಾಗಲೇ 12 ವೋಲ್ಟಿನಷ್ಟು ಬರುತ್ತಿದ್ದು ಪಂಪ್ ಮೌನವಾಗಿದ್ದರೆ ಪಂಪ್ ಹಿಡಿದುಕೊಂಡಿದೆ ಅಥವಾ ಸುಟ್ಟಿದೆ. ಪೂರ್ತಿ ಸೊನ್ನೆಯಾಗಿದ್ದರೆ ದಾರಿ ಎಲ್ಲೋ ಕಡಿದಿದೆ. ನಡುವಿನ ಅಂಕಿ ಬಂದರೆ ದಾರಿಯಲ್ಲಿ ಕಿಲುಬೋ ಸಡಿಲ ಜೋಡಣೆಯೋ ಇದೆ.

ಸೊನ್ನೆ ಬಂದರೆ ನಲ್ಲಿಯ ಸ್ವಿಚ್ಚಿನತ್ತ ನಡೆಯಿರಿ. ಸಿಂಕಿನ ಕೆಳಗೆ ನಲ್ಲಿಯಿಂದ ಇಳಿದ ಎರಡು ಸಣ್ಣ ವೈರುಗಳನ್ನು ಹುಡುಕಿ, ಅವುಗಳ ಜೋಡಣೆಗಳನ್ನು ಒಂದು ತುಂಡು ವೈರಿನಿಂದ ಪರಸ್ಪರ ಸೇರಿಸಿ. ಸ್ವಿಚ್ಚು ಪ್ಲಸ್ ಕಡೆಯಲ್ಲಿರಲಿ, ಮೈನಸ್ ಕಡೆಯಲ್ಲಿರಲಿ, ಅದು ಪಂಪಿನ ಸಾಲಿನಲ್ಲೇ ಇರುವುದರಿಂದ ಹೀಗೆ ಸೇರಿಸುವುದು ಅಪಾಯಕಾರಿಯಲ್ಲ; ಆದರೆ ಅವು ನಲ್ಲಿಯ ವೈರುಗಳೇ ಹೌದೆಂದು ಖಚಿತಪಡಿಸಿಕೊಂಡೇ ಸೇರಿಸಿ. ಪಂಪ್ ಓಡಿದರೆ ಮೈಕ್ರೋಸ್ವಿಚ್ ಕೆಟ್ಟಿದೆ. ಈ ಪುಟ್ಟ ಸ್ವಿಚ್ಚು ಸದಾ ತೇವವಿರುವ ಜಾಗದಲ್ಲಿ ಕೂತು, ಪ್ರತಿ ಬಾರಿ ಪಂಪ್ ನಿಲ್ಲುವಾಗ ಏಳುವ ಕಿಡಿಯನ್ನು ಸಹಿಸಿಕೊಂಡು ದುಡಿಯುತ್ತದೆ. ಹಳೆಯ ವ್ಯಾನುಗಳಲ್ಲಿ ಸದ್ದಿಲ್ಲದ ಪಂಪುಗಳ ಹಿಂದೆ ನಾನು ಹೆಚ್ಚಾಗಿ ಕಂಡಿರುವ ಕಾರಣವೂ ಇದೇ. ಕೆಲವು ನಲ್ಲಿಗಳಲ್ಲಿ ಸ್ವಿಚ್ಚನ್ನಷ್ಟೇ ಬಿಡಿಸಿ ಹೊಸದನ್ನು ಹಾಕಬಹುದು. ಕೆಲವದರಲ್ಲಿ ಅದು ನಲ್ಲಿಯೊಳಗೆ ಅಂಟಿಕೊಂಡಿರುವುದರಿಂದ ನಲ್ಲಿಯನ್ನೇ ಬದಲಿಸಬೇಕಾಗುತ್ತದೆ.

ಹಳೆಯ ಮಾದರಿಯ ನಲ್ಲಿ ಈಗ ಸಿಗದಿದ್ದರೆ, ಅಥವಾ ಸ್ವಿಚ್ಚು ಪದೇ ಪದೇ ಸುಡುತ್ತಿದ್ದರೆ, ಕಾರಿನಲ್ಲಿ ಬಳಸುವ ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಒಂದನ್ನು ನಡುವೆ ಹಾಕುವುದು ನನ್ನ ಅನುಭವದಲ್ಲಿ ಅತ್ಯುತ್ತಮ ಪರಿಹಾರ. ರಿಲೇಯ 30ನೇ ಕಾಲಿಗೆ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್, 87ಕ್ಕೆ ಪಂಪಿನ ಪ್ಲಸ್, 86ಕ್ಕೆ ನಲ್ಲಿಯ ಸ್ವಿಚ್ಚಿನಿಂದ ಬರುವ ಪ್ಲಸ್, 85ಕ್ಕೆ ಮೈನಸ್ ಕೊಡಿ. ಪಂಪಿನ ಮೈನಸ್ ವೈರು ಸ್ವಿಚ್ಚನ್ನು ಹಾಯದೆ ನೇರವಾಗಿ ಬ್ಯಾಟರಿಯ ಮೈನಸ್‌ಗೆ ಸೇರಬೇಕು. ಆಗ ನಲ್ಲಿಯ ಸ್ವಿಚ್ಚಿನ ಮೂಲಕ ರಿಲೇಯ ಸುರುಳಿಗೆ ಬೇಕಾದ ಅತಿ ಸಣ್ಣ ಕರೆಂಟು ಮಾತ್ರ, ಅಂದರೆ ಒಂದು ಆಂಪಿಯರಿನ ಐದನೇ ಅಥವಾ ಆರನೇ ಒಂದು ಭಾಗದಷ್ಟು, ಹರಿಯುತ್ತದೆ. ಅದರ ಆಯುಷ್ಯ ಬಹಳ ಹೆಚ್ಚುತ್ತದೆ.

ನಲ್ಲಿಯ ವೈರುಗಳನ್ನು ಸೇರಿಸಿದರೂ ಪಂಪ್ ಓಡದಿದ್ದರೆ ಫ್ಯೂಸಿಗೆ ಬನ್ನಿ. 1980ರ ದಶಕದ ಯೂರೋಪಿಯನ್ ಗಾಡಿಗಳಲ್ಲಿ ಎರಡೂ ತುದಿ ಮೊನಚಾದ, ಮೇಲೆ ಲೋಹದ ಪಟ್ಟಿ ಹಾಯ್ದಿರುವ ಪಿಂಗಾಣಿಯ ಅಥವಾ ಪ್ಲಾಸ್ಟಿಕ್ಕಿನ ಫ್ಯೂಸುಗಳು ಇನ್ನೂ ಕಾಣಸಿಗುತ್ತವೆ. ಬಿಳಿಯದು 8 ಆಂಪಿಯರ್, ಕೆಂಪಿನದು 16. ಪಟ್ಟಿ ಕಡಿಯದೆ ಇದ್ದರೂ ತುದಿಗಳ ಸಂಪರ್ಕ ತಪ್ಪಿರುವುದು ಇವುಗಳ ದೊಡ್ಡ ದೌರ್ಬಲ್ಯ. ಆದ್ದರಿಂದ ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡದೆ, ಅದು ಸ್ಥಾನದಲ್ಲಿರುವಾಗಲೇ ಅದರ ಎರಡೂ ಕಡೆಯ ಹಿತ್ತಾಳೆಯ ಹಿಡಿಕೆಗಳಲ್ಲಿ ವೋಲ್ಟೇಜ್ ಅಳೆಯಿರಿ. ಒಂದು ಕಡೆ 12 ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಫ್ಯೂಸ್ ತೆಗೆದು, ಹಿಡಿಕೆಗಳನ್ನು ನುಣುಪಾದ ಉಜ್ಜು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಸಡಿಲವಾಗಿದ್ದರೆ ಸ್ವಲ್ಪ ಒಳಕ್ಕೆ ಬಾಗಿಸಿ, ಹೊಸ ಫ್ಯೂಸ್ ಹಾಕಿ. ಸಾಧ್ಯವಿದ್ದರೆ ಈ ಜಾಗದಲ್ಲಿ ಈಗಿನ ಚಪ್ಪಟೆ ಫ್ಯೂಸಿನ ಹೋಲ್ಡರ್ ಅಳವಡಿಸಿಬಿಡಿ. ಆ ಬಳಿಕ ಫಲಕದ ಸ್ವಿಚ್ಚಿನ ಎರಡೂ ಕಡೆ ಇದೇ ರೀತಿ ಅಳೆಯಿರಿ.

ನಡುವಿನ ಅಂಕಿ ಬಂದವರು ತಡೆಯಿರುವ ಜಾಗವನ್ನು ಹುಡುಕಬೇಕು. ಪಂಪ್ ಓಡುತ್ತಿರುವಾಗ, ಅಥವಾ ಅದರ ಜಾಗದಲ್ಲಿ ಬಲ್ಬು ಉರಿಯುತ್ತಿರುವಾಗ, ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್‌ನಲ್ಲೇ ಇಟ್ಟು, ಕಪ್ಪು ಮೊನೆಯನ್ನು ಫ್ಯೂಸಿನ ಈಚೆ, ಆಚೆ, ಸ್ವಿಚ್ಚಿನ ಈಚೆ, ಆಚೆ ಹೀಗೆ ಪಂಪಿನ ಪ್ಲಸ್ ವೈರಿನ ತನಕ ಒಯ್ಯಿರಿ. ಮೀಟರ್ ತೋರಿಸುವ ಅಂಕಿಯೇ ಅಲ್ಲಿಯವರೆಗೆ ದಾರಿಯಲ್ಲಿ ನಷ್ಟವಾದ ವೋಲ್ಟೇಜ್. ಅದು ಎಲ್ಲಿ ಹಠಾತ್ತನೆ ಜಿಗಿಯುತ್ತದೋ ಅಲ್ಲಿ ದೋಷವಿದೆ. ಅನಂತರ ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್‌ನಲ್ಲಿಟ್ಟು ಮೈನಸ್ ದಾರಿಯನ್ನೂ ಹೀಗೆಯೇ ಪರೀಕ್ಷಿಸಿ. ತುಕ್ಕು ಹಿಡಿದ ತಗಡಿಗೆ ಒಂದೇ ಸ್ಕ್ರೂವಿನಿಂದ ಬಿಗಿದ ಅರ್ಥ್ ವೈರನ್ನು ಹೆಚ್ಚಿನವರು ಪರೀಕ್ಷಿಸುವುದೇ ಇಲ್ಲ. ಎರಡೂ ಕಡೆ ಸೇರಿ ಅರ್ಧ ವೋಲ್ಟಿನ ಆಸುಪಾಸಿನ ನಷ್ಟವನ್ನು ಒಪ್ಪಿಕೊಳ್ಳಬಹುದು. ನಾಲ್ಕು ಆಂಪಿಯರ್ ಎಳೆಯುವ ಪಂಪಿನ ದಾರಿಯಲ್ಲಿ ಅರ್ಧ ಓಮ್ ತಡೆಯಿದ್ದರೂ ಎರಡು ವೋಲ್ಟ್ ನಷ್ಟವಾಗುತ್ತದೆ, ಜೊತೆಗೆ ಆ ಒಂದು ಬಿಂದುವಿನಲ್ಲಿ ಎಂಟು ವಾಟ್ ಶಾಖ ಹುಟ್ಟುತ್ತದೆ. ಕಂದಿದ ಪ್ಲಾಸ್ಟಿಕ್ಕು, ಮುಟ್ಟಿದರೆ ಬೆಚ್ಚಗಿರುವ ಜೋಡಣೆ ಕಂಡಲ್ಲಿ ಅದನ್ನು ಮುಂದೂಡದೆ ಸರಿಪಡಿಸಿ.

ಕರೆಂಟು ಸರಿಯಾಗಿ ಬರುತ್ತಿದ್ದೂ ಪಂಪ್ ಓಡದಿದ್ದರೆ ಅದನ್ನು ಹೊರತೆಗೆದು, ಬಕೆಟ್ ನೀರಿನಲ್ಲಿ ಮುಳುಗಿಸಿ, ಫ್ಯೂಸ್ ಇರುವ ಜೋಡಿ ವೈರಿನಿಂದ ಬ್ಯಾಟರಿಗೆ ನೇರವಾಗಿ ಕೊಡಿ. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಗಡಸು ನೀರಿನ ಸುಣ್ಣ ಕಟ್ಟಿ ಮುಳುಗುವ ಪಂಪಿನ ರೆಕ್ಕೆ ಹಿಡಿದುಕೊಂಡಿರುತ್ತದೆ. ಬಿಳಿ ವಿನೆಗರ್ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಪಂಪಿನ ಬಾಯಿಯ ಮೂಲಕ ಸಣ್ಣ ಕಡ್ಡಿ ಹಾಕಿ ರೆಕ್ಕೆಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಇದಕ್ಕೂ ಜಗ್ಗದಿದ್ದರೆ ಬದಲಿಸಿ; ಈ ಪಂಪುಗಳನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ. ಡಯಾಫ್ರಾಮ್ ಪಂಪಿನದು ಬೇರೆ ಮಾತು: ಅದರ ಪ್ರೆಷರ್ ಸ್ವಿಚ್ಚಿನ ಎರಡು ವೈರುಗಳನ್ನು ಕಳಚಿ ಒಂದಕ್ಕೊಂದು ಸೇರಿಸಿದಾಗ ಮೋಟರ್ ಓಡಿದರೆ ಸ್ವಿಚ್ಚನ್ನಷ್ಟೇ ಬದಲಿಸಿದರೆ ಸಾಕು. ಈ ಪರೀಕ್ಷೆ ಮಾಡುವಾಗ ನಲ್ಲಿ ತೆರೆದೇ ಇರಬೇಕು, ಇಲ್ಲದಿದ್ದರೆ ತಡೆಯುವವರಿಲ್ಲದೆ ಒತ್ತಡ ಏರಿ ಪೈಪಿನ ಜೋಡಣೆ ಕಿತ್ತುಬರಬಹುದು.

ಸದ್ದಿದೆ, ನೀರಿಲ್ಲ

ಟ್ಯಾಂಕಿನಲ್ಲಿ ನೀರಿದೆಯೇ ಎಂದು ಮುಚ್ಚಳ ತೆಗೆದು ಕಣ್ಣಿನಿಂದಲೇ ನೋಡಿ. ನೀರಿನ ಮಟ್ಟ ತೋರಿಸುವ ಹಳೆಯ ಫಲಕದ ದೀಪಗಳನ್ನು ನಂಬುವುದು ಬೇಡ.

ಬಾವಿಗೆ ಪಂಪ್‌ಸೆಟ್ ಇಟ್ಟ ಮನೆಯಲ್ಲಿ ಬೆಳೆದವರಿಗೆ ಮುಂದಿನ ವಿಷಯವನ್ನು ವಿವರಿಸಬೇಕಾಗಿಲ್ಲ. ಫುಟ್‌ವಾಲ್ವ್ ಸೋರಿ ಪೈಪಿನೊಳಗೆ ಗಾಳಿ ಹೊಕ್ಕರೆ ಮೋಟರ್ ಎಷ್ಟು ತಿರುಗಿದರೂ ನೀರೆತ್ತುವುದಿಲ್ಲ, ಮೇಲಿನಿಂದ ಕೊಡದಲ್ಲಿ ನೀರು ಹೊಯ್ದು ಗಾಳಿ ತೆಗೆಯಬೇಕಾಗುತ್ತದೆ. ವ್ಯಾನಿನ ಮುಳುಗುವ ಪಂಪೂ ಅದೇ ಜಾತಿಯದು. ಅದರ ರೆಕ್ಕೆ ನೀರನ್ನು ಎಸೆಯಬಲ್ಲದೇ ಹೊರತು ಗಾಳಿಯನ್ನು ಎಳೆಯಲಾರದು. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿಸಿದಾಗ ಪಂಪಿನ ಹೊಟ್ಟೆಯಲ್ಲಿ ಗಾಳಿಯ ಗುಳ್ಳೆ ಉಳಿದುಬಿಡುತ್ತದೆ. ಪಂಪನ್ನು ನಿಲ್ಲಿಸಿ, ಕೈ ಶುಭ್ರವಾಗಿ ತೊಳೆದು, ಟ್ಯಾಂಕಿನೊಳಗೆ ಕೈ ಹಾಕಿ, ಪಂಪನ್ನು ನೀರಿನೊಳಗೇ ಬಾಯಿ ಮೇಲಾಗಿ ಹಿಡಿದು ನಾಲ್ಕು ಬಾರಿ ಅಲುಗಾಡಿಸಿ. ಗುಳ್ಳೆಗಳು ಬುಳುಬುಳು ಎಂದು ಮೇಲೇಳುವುದು ಕಾಣುತ್ತದೆ. ಗುಳ್ಳೆ ನಿಂತ ಮೇಲೆ ಚಾಲೂ ಮಾಡಿ. ಹೊಸ ಪಂಪಿನ ಬಾಯಿಗೆ ಗಾಳಿ ತಾನಾಗಿ ಹೊರಹೋಗುವ ಸಣ್ಣ ರಂಧ್ರವಿದ್ದರೆ ಈ ತೊಂದರೆ ಕಡಿಮೆ.

ಗಾಳಿಯಿಲ್ಲದಿದ್ದರೆ, ಪಂಪಿನ ಬಾಯಿಂದ ಪೈಪು ಕಳಚಿಕೊಂಡಿದೆಯೇ ನೋಡಿ. ಹಾಗಾಗಿದ್ದರೆ ಪಂಪ್ ಓಡುವಾಗ ಟ್ಯಾಂಕಿನ ನೀರು ಒಳಗೊಳಗೇ ಸುಳಿಯಾಡುವುದು ಟಾರ್ಚಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪೈಪನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಮತ್ತೆ ಕೂರಿಸಿ, ಸ್ಟೇನ್‌ಲೆಸ್ ಕ್ಲಾಂಪ್ ಬಿಗಿಯಿರಿ. ಕಪಾಟಿನೊಳಗೆ ಪಾತ್ರೆಗಳ ಭಾರಕ್ಕೆ ಸಿಕ್ಕಿ ಪೈಪು ಮಡಚಿಕೊಂಡಿರುವುದೂ ಉಂಟು.

ಡಯಾಫ್ರಾಮ್ ಪಂಪು ತಾನೇ ನೀರೆಳೆದುಕೊಳ್ಳಬಲ್ಲದು, ಆದರೆ ಎಳೆಯುವ ಕಡೆಯ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರಿನ ಬದಲು ಗಾಳಿಯನ್ನು ಎಳೆಯುತ್ತದೆ. ಎಳೆಯುವ ಕಡೆಯ ಬಿರುಕಿನಿಂದ ಹೊರಕ್ಕೆ ನೀರು ಜಿನುಗುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಮೊದಲ ಅನುಮಾನ ಪಂಪಿನ ಮುಂದಿರುವ ಪಾರದರ್ಶಕ ಸೋಸುಕದ ಮುಚ್ಚಳದ ಮೇಲಿರಲಿ. ಅದರ ರಬ್ಬರ್ ಬಳೆ ಒಣಗಿದ್ದರೆ ಬದಲಿಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಜಾಲರಿಯನ್ನು ತೊಳೆಯಿರಿ. ದೋಷ ಪಂಪಿನದೋ ಪೈಪಿನದೋ ತಿಳಿಯಲು ಪಂಪಿನ ನೀರೆಳೆಯುವ ಬಾಯಿಗೆ ಅರ್ಧ ಮೀಟರ್ ಉದ್ದದ ಬೇರೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಕೆಟ್ಟಿನಲ್ಲಿ ಅದ್ದಿ. ಈಗ ನೀರೆಳೆದರೆ ಹಳೆಯ ಪೈಪಿನಲ್ಲಿ ದೋಷವಿದೆ. ಎಳೆಯದಿದ್ದರೆ ಪಂಪಿನ ತಲೆಯೊಳಗಿನ ಕವಾಟದಲ್ಲಿ ಮರಳು ಸಿಕ್ಕಿರಬಹುದು, ಇಲ್ಲವೇ ಡಯಾಫ್ರಾಮ್ ಹರಿದಿರಬಹುದು. ಕೆಲವು ಕಂಪನಿಗಳು ಇವುಗಳ ಬಿಡಿಭಾಗಗಳನ್ನು ಇಂದಿಗೂ ಮಾರುತ್ತವೆ.

ನೀರು ಸಣ್ಣಗೆ ಅಥವಾ ತಡೆತಡೆದು ಬಂದರೆ

ನಲ್ಲಿಯ ತುದಿಯ ಜಾಲರಿಯನ್ನು ತಿರುಗಿಸಿ ತೆಗೆದು ಮತ್ತೆ ನೋಡಿ. ಅಷ್ಟಕ್ಕೇ ಧಾರೆ ದಪ್ಪವಾದರೆ ಜಾಲರಿಯನ್ನು ವಿನೆಗರಿನಲ್ಲಿ ನೆನೆಸಿ ಸುಣ್ಣ ಬಿಡಿಸಿ. ಅದರಿಂದಾಗದಿದ್ದರೆ ನಲ್ಲಿಯ ಬುಡದಲ್ಲಿ ಪೈಪನ್ನು ಕಳಚಿ ಬಕೆಟ್ಟಿಗೆ ಹಿಡಿದು ಪಂಪ್ ಓಡಿಸಿ. ಪೈಪಿನಿಂದ ಜೋರಾಗಿ ಬಂದು ನಲ್ಲಿಯಿಂದ ಬಾರದಿದ್ದರೆ ನಲ್ಲಿ ಕಟ್ಟಿದೆ. ಪೈಪಿನಿಂದಲೂ ಸಣ್ಣಗೆ ಬಂದರೆ ಪಂಪಿನ ವೈರುಗಳಲ್ಲಿ ಓಡುವಾಗಿನ ವೋಲ್ಟೇಜ್ ಅಳೆಯಿರಿ. ಪ್ಲಸ್ ಮೈನಸ್ ಅದಲುಬದಲಾಗಿದ್ದರೂ ಮುಳುಗುವ ಪಂಪು ಓಡುತ್ತದೆ, ರೆಕ್ಕೆ ತಿರುವುಮುರುವಾಗಿ ತಿರುಗಿ ಸ್ವಲ್ಪ ನೀರನ್ನೂ ಕೊಡುತ್ತದೆ. ಹೊಸ ಪಂಪ್ ಹಾಕಿದ ಮೇಲೂ ಧಾರೆ ಸಣ್ಣದಾಗಿದ್ದರೆ ಮೊದಲು ಇದನ್ನೇ ನೋಡಬೇಕು.

ಪಂಪ್ ನಿಲ್ಲದಿದ್ದರೆ, ಅಥವಾ ತಾನಾಗಿ ಚಾಲೂ ಆದರೆ

ಮೈಕ್ರೋಸ್ವಿಚ್ ವ್ಯವಸ್ಥೆಯಲ್ಲಿ ನಲ್ಲಿ ಮುಚ್ಚಿದರೂ ಪಂಪ್ ಓಡುತ್ತಿದ್ದರೆ ಸ್ವಿಚ್ಚಿನ ಸಂಪರ್ಕ ಬೆಸೆದುಕೊಂಡಿದೆ, ಅಥವಾ ಒಳಗೆ ನೀರು ಹೊಕ್ಕಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿಯಿಡೀ ಓಡಿದ ಪಂಪು ಬ್ಯಾಟರಿಯನ್ನೂ ಬರಿದು ಮಾಡುತ್ತದೆ, ತಾನೂ ಸುಡುತ್ತದೆ. ಮಲಗುವ ಮುನ್ನ ಮತ್ತು ಗಾಡಿ ಓಡಿಸುವ ಮುನ್ನ ಫಲಕದಲ್ಲಿ ಪಂಪಿನ ಸ್ವಿಚ್ಚನ್ನು ಆರಿಸುವ ಅಭ್ಯಾಸ ಎಲ್ಲ ಹಳೆಯ ವ್ಯಾನುಗಳಿಗೂ ಒಳ್ಳೆಯದು.

ಪ್ರೆಷರ್ ಸ್ವಿಚ್ ವ್ಯವಸ್ಥೆಯಲ್ಲಿ ಯಾರೂ ನಲ್ಲಿ ಮುಟ್ಟದಿದ್ದರೂ ಪಂಪು ಆಗಾಗ ಒಂದು ಕ್ಷಣ ಗುರ್ ಎಂದು ನಿಂತರೆ, ಎಲ್ಲೋ ಒತ್ತಡ ಸೋರುತ್ತಿದೆ. ಒಣ ಟಿಶ್ಯೂ ಕಾಗದವನ್ನು ಪ್ರತಿ ಜೋಡಣೆಗೂ ಸುತ್ತಿ ಅರ್ಧ ಗಂಟೆಯ ನಂತರ ನೋಡಿದರೆ, ಕಣ್ಣಿಗೆ ಕಾಣದ ಜಿನುಗೂ ಕಾಗದದ ಮೇಲೆ ಕಪ್ಪಗೆ ಮೂಡಿರುತ್ತದೆ. ಎಲ್ಲೂ ತೇವವಿಲ್ಲದಿದ್ದರೆ ಪಂಪಿನೊಳಗಿನ ಕವಾಟದ ಮೂಲಕ ನೀರು ಟ್ಯಾಂಕಿಗೇ ಹಿಂದಿರುಗುತ್ತಿದೆ.

ಸೋರಿಕೆಯೇ ಇಲ್ಲದೆ ಪಂಪು ಎಡೆಬಿಡದೆ ಓಡುತ್ತಿದ್ದರೆ ಪ್ರೆಷರ್ ಸ್ವಿಚ್ಚಿನ ಸ್ಕ್ರೂ ತಿರುಗಿಸುವ ಮೊದಲು ಬ್ಯಾಟರಿಯನ್ನು ಮತ್ತೊಮ್ಮೆ ಅಳೆಯಿರಿ. ವೋಲ್ಟೇಜ್ ಕಡಿಮೆಯಾದಾಗ ಪಂಪಿಗೆ ನಿಲುಗಡೆಯ ಒತ್ತಡವನ್ನು ಮುಟ್ಟುವ ಶಕ್ತಿಯೇ ಇರುವುದಿಲ್ಲ, ಹಾಗಾಗಿ ಸ್ವಿಚ್ಚು ಅದನ್ನು ನಿಲ್ಲಿಸುವುದಿಲ್ಲ. ಬ್ಯಾಟರಿ ಸರಿಯಿದ್ದರೆ ಮಾತ್ರ, ಸ್ಕ್ರೂವಿನ ಈಗಿನ ಸ್ಥಾನವನ್ನು ಪೆನ್ನಿನಿಂದ ಗುರುತು ಮಾಡಿಕೊಂಡು, ಒತ್ತಡ ತಗ್ಗುವ ದಿಕ್ಕಿಗೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ ನೋಡಿ.

ಫ್ಯೂಸ್ ಪದೇ ಪದೇ ಹೋದರೆ

ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕಬೇಡಿ. ಪಂಪನ್ನು ಕಳಚಿ, ಅದೇ ಅಳತೆಯ ಹೊಸ ಫ್ಯೂಸ್ ಹಾಕಿ, ನಲ್ಲಿ ತೆರೆಯಿರಿ. ಫ್ಯೂಸ್ ಮತ್ತೆ ಹೋದರೆ ವೈರು ಎಲ್ಲೋ ಉಜ್ಜಿ ತಗಡಿಗೆ ತಾಗುತ್ತಿದೆ. ಉಳಿದರೆ ಪಂಪ್ ಹಿಡಿದುಕೊಂಡಿದೆ ಅಥವಾ ಅದರೊಳಗೆ ನೀರು ಸೇರಿದೆ.

ಪಂಪನ್ನು ಬದಲಿಸಲೇಬೇಕಾದಾಗ

ಹಳೆಯದನ್ನು ಕಳಚುವ ಮುನ್ನ ವೈರುಗಳ ಬಣ್ಣವನ್ನೂ ಜೋಡಣೆಯನ್ನೂ ಫೋಟೋ ತೆಗೆದಿಡಿ. ಬಣ್ಣದ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಡವುವ ಸಂಭವವಿದೆ. ಜರ್ಮನ್ ಗಾಡಿಗಳಲ್ಲಿ ಕಂದು ವೈರು ಮೈನಸ್. ಬ್ರಿಟನ್ನಿನ ಮನೆಗಳಲ್ಲಿ ಅದೇ ಕಂದು ವೈರು ಕರೆಂಟಿರುವ ಫೇಸ್. ಊರಿನ ಮನೆಗಳಲ್ಲಿ ಕಪ್ಪು ವೈರು ನ್ಯೂಟ್ರಲ್ ಎಂದು ನೋಡಿ ಬೆಳೆದ ಕಣ್ಣಿಗೆ, ಜರ್ಮನ್ ಗಾಡಿಯಲ್ಲಿ ಕಪ್ಪು ವೈರು ಹಲವು ಕಡೆ ಪ್ಲಸ್ ಎಂಬುದು ಸುಲಭವಾಗಿ ಒಗ್ಗುವುದಿಲ್ಲ. ಮೀಟರಿನಿಂದ ಪ್ಲಸ್ ಯಾವುದೆಂದು ಅಳೆದು, ಟೇಪ್ ಸುತ್ತಿ ಗುರುತಿಟ್ಟುಕೊಳ್ಳಿ. ಹೊಸ ಪಂಪಿನ ವೈರುಗಳಲ್ಲಿ ಯಾವುದು ಪ್ಲಸ್ ಎಂಬುದನ್ನು ಅದರ ಜೊತೆಗೆ ಬಂದ ಹಾಳೆಯಲ್ಲೇ ಓದಿ ತಿಳಿಯಿರಿ.

ಪೈಪಿನ ಒಳಅಳತೆ 10 ಮಿಲಿಮೀಟರೋ 12 ಮಿಲಿಮೀಟರೋ ನೋಡಿ ಅದಕ್ಕೆ ಹೊಂದುವ ಬಾಯಿಯ ಪಂಪನ್ನೇ ಕೊಳ್ಳಿ. ಟ್ಯಾಂಕಿನ ಮುಚ್ಚಳದ ರಂಧ್ರದಲ್ಲಿ ಪಂಪ್ ತೂರುತ್ತದೆಯೇ ಎಂಬುದನ್ನೂ ಮೊದಲೇ ಅಳೆಯಿರಿ. ನಿಮಿಷಕ್ಕೆ ಹೆಚ್ಚು ಲೀಟರ್ ಕೊಡುವ ಪಂಪು ಹೆಚ್ಚು ಆಂಪಿಯರ್ ಎಳೆಯುತ್ತದೆ, ಹಳೆಯ ಮೈಕ್ರೋಸ್ವಿಚ್ಚು ಅದನ್ನು ತಾಳಲಾರದು. ಒಂದು ಸಿಂಕಿಗೆ ನಿಮಿಷಕ್ಕೆ 10ರಿಂದ 12 ಲೀಟರ್ ಎಂದು ಬರೆದಿರುವ ಪಂಪು ಧಾರಾಳವಾಗಿ ಸಾಕು. ವೈರಿನ ಜೋಡಣೆ ನೀರಿನ ಮಟ್ಟಕ್ಕಿಂತ ಮೇಲೆ, ಟ್ಯಾಂಕಿನ ಹೊರಗೇ ಇರಬೇಕು. ಬರೀ ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆಯೊಳಗೆ ತೇವ ಹೊಕ್ಕು, ತಾಮ್ರದ ಎಳೆಗಳ ಗುಂಟ ಮೇಲೇರಿ, ಒಂದೆರಡು ವರ್ಷದಲ್ಲಿ ವೈರು ಒಳಗೇ ಕಪ್ಪಾಗುತ್ತದೆ. ಬಿಸಿ ಮಾಡಿದಾಗ ಕುಗ್ಗಿ ಒಳಗಿನ ಅಂಟು ಕರಗಿ ಮುಚ್ಚಿಕೊಳ್ಳುವ ಪ್ಲಾಸ್ಟಿಕ್ ತೋಳನ್ನು (ಹೀಟ್‌ಶ್ರಿಂಕ್ ಸ್ಲೀವ್) ಬಳಸಿ. ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಕುಡಿಯುವ ನೀರಿನ ಶುದ್ಧೀಕರಣದ ದ್ರಾವಣದಿಂದ ತೊಳೆದು, ಅದೇ ನೀರನ್ನು ನಲ್ಲಿಯ ಮೂಲಕವೂ ಹಾಯಿಸಿ, ಬಳಿಕ ಒಳ್ಳೆಯ ನೀರಿನಿಂದ ಎರಡು ಸಲ ತೊಳೆಯಿರಿ.

ಚಳಿಗಾಲಕ್ಕೆ ಮುನ್ನ

ಉತ್ತರ ಯೂರೋಪಿನಲ್ಲಿ ಪಂಪುಗಳು ಒಡೆಯುವುದು ಬಳಸುವಾಗಲ್ಲ, ನಿಂತಿರುವಾಗ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪಂಪಿನ ತಲೆಯೊಳಗೆ ಉಳಿದ ಸ್ವಲ್ಪ ನೀರೇ ಪ್ಲಾಸ್ಟಿಕ್ಕನ್ನು ಸೀಳಲು ಸಾಕು. ಅಕ್ಟೋಬರ್ ಮುಗಿಯುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದ ನೀರು ಹೋಗುವಷ್ಟು ಹೊತ್ತು, ಅಂದರೆ ಕೆಲವು ಸೆಕೆಂಡು ಮಾತ್ರ, ಪಂಪನ್ನು ಓಡಿಸಿ. ಮುಳುಗುವ ಪಂಪಿಗೆ ನೀರೇ ತಂಪು, ನೀರೇ ಎಣ್ಣೆ. ಅದು ನೀರಿಲ್ಲದೆ ಹೆಚ್ಚು ಹೊತ್ತು ತಿರುಗಬಾರದು. ಅನಂತರ ಫಲಕದ ಸ್ವಿಚ್ಚನ್ನು ಆರಿಸಿ, ಪಂಪಿನ ಫ್ಯೂಸನ್ನೂ ತೆಗೆದು, ಆಮೇಲೆ ನಲ್ಲಿಯನ್ನು ತೆರೆದಿಡಿ. ಈ ಕ್ರಮ ತಪ್ಪಿದರೆ ತೆರೆದಿಟ್ಟ ನಲ್ಲಿಯ ಮೈಕ್ರೋಸ್ವಿಚ್ಚು ಖಾಲಿ ಟ್ಯಾಂಕಿನಲ್ಲಿ ಪಂಪನ್ನು ಓಡಿಸುತ್ತಲೇ ಇರುತ್ತದೆ. ತೆಗೆದ ಫ್ಯೂಸನ್ನು ಪುಟ್ಟ ಚೀಲದಲ್ಲಿ ಹಾಕಿ ನಲ್ಲಿಗೇ ಕಟ್ಟಿಬಿಡಿ, ಮಾರ್ಚಿನಲ್ಲಿ ಮತ್ತೆ ನೀರು ತುಂಬಿಸುವಾಗ ಹುಡುಕಬೇಕಾಗುವುದಿಲ್ಲ.